ಸಹಾಯ ಬೇಕು: ಇದು ಬ್ರೂಸೈಟ್ ಹೌದೇ?

ಚಿತ್ರದುರ್ಗದ ಶಿಸ್ಟ್ ಪಟ್ಟಿಯ ಸರ್ಪೆಂಟೈನ್ ಶಿಲೆಯ ಬಿರುಕಿನಲ್ಲಿ ಸಿಕ್ಕ, ಮುತ್ತಿನ ಹೊಳಪಿನ ಬಿಳಿ ಹಾಳೆಗಳಂಥ ಖನಿಜವೊಂದನ್ನು ಖಚಿತವಾಗಿ ಗುರುತಿಸಲಾಗದೆ ಇಲ್ಲಿ ಕೇಳುತ್ತಿದ್ದೇನೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಂದರೆ ಬ್ರೂಸೈಟ್ ಇರಬಹುದೆಂಬುದು ನನ್ನ ಊಹೆ. ಬಾಗಿಸಿದ ಅಭ್ರಕ ಮತ್ತೆ ನೆಟ್ಟಗಾಗುತ್ತದೆ; ಈ ಹಾಳೆಗಳು ಬಾಗುತ್ತವೆಯಾದರೂ ಹಾಗೆ ನೆಟ್ಟಗಾಗುವುದಿಲ್ಲ. ಉಗುರಿನಿಂದ ಸುಲಭವಾಗಿ ಗೀರು ಬೀಳದಿರುವುದರಿಂದ, ಮೋಸ್ ಮಾಪಕದಲ್ಲಿ ಗಡಸುತನ 1 ಇರುವ, ತೀರಾ ಮೆದುವಾದ ಟಾಲ್ಕ್ ಇದಲ್ಲ.

ತೊಡಕಿರುವುದು ಆಮ್ಲ ಪರೀಕ್ಷೆಯಲ್ಲಿ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬ್ರೂಸೈಟ್ ಗುಳ್ಳೆಯೇಳದೆ ಕರಗಬೇಕು. ಈ ಚೂರು ಪೂರ್ತಿ ಕರಗಿತಾದರೂ ಆರಂಭದಲ್ಲಿ ತುಸು ನೊರೆ ಎದ್ದಿತು. ಇಂಗಾಲದ ಡೈಆಕ್ಸೈಡ್ ತಗುಲಿದ ಬ್ರೂಸೈಟಿನ ಮೇಲ್ಮೈ, ಆಮ್ಲದಲ್ಲಿ ನೊರೆಯೇಳುವ ಹೈಡ್ರೋಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್ ಖನಿಜ) ಆಗುವುದುಂಟು. ಪದರಗಳ ನಡುವೆ, ಹಾಗೆಯೇ ನೊರೆಯೇಳುವ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಸೇರಿರುವುದೂ ಸಾಧ್ಯ. ಹರಳಿನ ರಚನೆಯಿಂದ ಖನಿಜವನ್ನು ಗುರುತಿಸುವ ಎಕ್ಸ್-ರೇ ವಿವರ್ತನೆಯ ಸೌಲಭ್ಯ ನನಗೆ ಎಟುಕುವಂತಿಲ್ಲ.

ಆಮ್ಲದಲ್ಲಿ ಕರಗಿದ ದ್ರಾವಣವನ್ನು ಅಮೋನಿಯಾದಿಂದ ತಟಸ್ಥಗೊಳಿಸಿ, ಅಮೋನಿಯಂ ಆಕ್ಸಲೇಟ್ ಹಾಕಿ ಕ್ಯಾಲ್ಸಿಯಂ ಇದೆಯೇ ಎಂದು ನೋಡಿದರೆ, ನೊರೆಗೆ ಕಾರಣ ಇವೆರಡರಲ್ಲಿ ಯಾವುದೆಂದು ನಿರ್ಧರಿಸಲು ಸಾಕೇ, ಅಥವಾ ಬೇರೆ ಪರೀಕ್ಷೆಯೂ ಬೇಕೇ?