ಚಿಕ್ಕಪ್ಪನ ಹೊಸ ಗಾಡಿ ಮೈಲೇಜ್ ವಿಚಾರ (ಸ್ವಲ್ಪ ಉದ್ದ ಇದೆ, ಪೂರ್ತಿ ಕೇಳಿ)

ಚಿಕ್ಕಪ್ಪ, ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಅದಕ್ಕೇ ಮಾತಲ್ಲೇ ಹೇಳಿಬಿಡ್ತೀನಿ. ನಿಮ್ಮ ಮೆಸೇಜ್ ಓದ್ದೆ, ಡ್ಯಾಶ್‌ಬೋರ್ಡ್ ಫೋಟೋನೂ ನೋಡ್ದೆ. ಬ್ರೋಷರ್‌ನಲ್ಲಿ ಲೀಟರಿಗೆ 15 ಅಂತ ಬರ್ದಿದಾರೆ, ಗಾಡಿ ನೋಡಿದ್ರೆ 9 ತೋರಿಸ್ತಿದೆ, ಇಷ್ಟು ದುಡ್ಡು ಸುರಿದು ಮೋಸ ಹೋದ್ನಾ, ಇಂಜಿನ್ ಚೆಕ್ ಮಾಡಿಸ್ಲಾ ಅಂತ ಕೇಳಿದೀರಿ. ಈಗಲೇ ಓಡಬೇಡಿ. ನಂಗೆ ಕಂಡಂಗೆ ಗಾಡಿಗೆ ಏನೂ ಆಗಿಲ್ಲ.

ಫೋಟೋದಲ್ಲಿ ನೀವು 9ಕ್ಕೆ ಮಾತ್ರ ಕೆಂಪು ಸುತ್ತು ಹಾಕಿದೀರಿ. ಅದರ ಕೆಳಗೇ ಇನ್ನೊಂದು ನಂಬರ್ ಇದೆ ನೋಡಿ, ಆವರೇಜ್ ಸ್ಪೀಡ್, ಗಂಟೆಗೆ 18 ಕಿಲೋಮೀಟರ್. ಉತ್ತರ ಪೂರ್ತಿ ಅಲ್ಲೇ ಇದೆ. 18ರ ಸ್ಪೀಡಲ್ಲಿ 100 ಕಿಲೋಮೀಟರ್ ಮುಗಿಸೋಕೆ ಐದೂವರೆ ಗಂಟೆ ಬೇಕು. ಅಷ್ಟು ಹೊತ್ತೂ ಇಂಜಿನ್ ಉರೀತಾ ಇರುತ್ತೆ, ಎಸಿ ಓಡ್ತಾ ಇರುತ್ತೆ, ಸೀಟ್ ತಣ್ಣಗೆ ಮಾಡೋ ಫ್ಯಾನು, ದೊಡ್ಡ ಸ್ಕ್ರೀನು, ಎಲ್ಲ ನಡೀತಾ ಇರುತ್ತೆ. ಎರಡು ಲೀಟರ್ ಸೈಜಿನ ಪೆಟ್ರೋಲ್ ಇಂಜಿನ್ ಎಸಿ ಹಾಕ್ಕೊಂಡು ನಿಂತಲ್ಲೇ ನಿಂತ್ರೂ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತೆ. ಅಂದ್ರೆ ಐದು ಲೀಟರ್ ಮೇಲೆ ಬರೀ ಇಂಜಿನ್ ಆನ್ ಇಟ್ಟಿದ್ದಕ್ಕೇ ಹೋಯ್ತು. ಲೀಟರಿಗೆ 9 ಅಂದ್ರೆ 100 ಕಿಲೋಮೀಟರಿಗೆ ಒಟ್ಟು 11 ಲೀಟರ್ ತಾನೆ? ಹತ್ತಿರ ಹತ್ತಿರ ಅರ್ಧ ಅಲ್ಲೇ ಖಾಲಿ. ನಲ್ಲಿ ಸಣ್ಣಗೆ ಬಿಟ್ಟು ಮರೆತಂಗೆ. ಅದೇ ಹೈವೇಲಿ 75ರ ಆವರೇಜಲ್ಲಿ ಹೋದ್ರೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ 100 ಮುಗೀತು, ಈ ಲೆಕ್ಕದಲ್ಲಿ ಹೋಗೋದು ಒಂದೂಕಾಲು ಲೀಟರ್ ಚಿಲ್ಲರೆ ಅಷ್ಟೇ. ಗಾಡಿ ನಿಂತಾಗ ಇಂಜಿನ್ ತಾನಾಗೇ ಆಫ್ ಮಾಡೋ ಸ್ಟಾರ್ಟ್-ಸ್ಟಾಪ್ ಇದ್ಯಲ್ಲ ಅಂತೀರಾ? ಇದೆ, ಸ್ವಲ್ಪ ಉಳಿಸುತ್ತೆ. ಆದ್ರೆ ಬಿಸಿಲಲ್ಲಿ ಎಸಿ ಜೋರಾಗಿ ಓಡ್ತಿದ್ರೆ ಎಷ್ಟೋ ಸಲ ಅದು ಇಂಜಿನ್ ಆಫ್ ಮಾಡೋದೇ ಇಲ್ಲ.

ಇನ್ನು ಬ್ರೋಷರ್ ನಂಬರ್ ಎಲ್ಲಿಂದ ಬರುತ್ತೆ ಅನ್ನೋದು. ರಸ್ತೆಗೆ ಇಳಿಸಿ ಅಳೆಯೋದಲ್ಲ ಅದು. ಲ್ಯಾಬಲ್ಲಿ ರೋಲರ್ ಮೇಲೆ ನಿಲ್ಲಿಸಿ ಚಕ್ರ ಓಡಿಸ್ತಾರೆ. ಯುರೋಪಲ್ಲಿ 2017ರಿಂದ ಹೊಸ ಮಾಡೆಲ್‌ಗಳಿಗೆ ಡಬ್ಲ್ಯೂಎಲ್‌ಟಿಪಿ ಅನ್ನೋ ಟೆಸ್ಟ್ ಬಂತು. ಅರ್ಧ ಗಂಟೆ, ಸುಮಾರು 23 ಕಿಲೋಮೀಟರ್, ಆವರೇಜ್ ಸ್ಪೀಡ್ 46ರ ಮೇಲೆ. ಎಸಿ ಆಫ್! ಅದಕ್ಕೂ ಮುಂಚೆ ಇದ್ದ ಎನ್‌ಇಡಿಸಿ ಇನ್ನೂ ಮೆತ್ತಗಿತ್ತು, 20 ನಿಮಿಷದಲ್ಲಿ 11 ಕಿಲೋಮೀಟರ್, ಮುಗೀತು. ಅಮೆರಿಕದ ಇಪಿಎಯವರು (ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ) ಮಾತ್ರ 2008ರ ಮಾಡೆಲ್‌ಗಳಿಂದ ಎಸಿ ಹಾಕಿ, ಚಳಿಯಲ್ಲಿ, ಜೋರಾಗಿ ಓಡಿಸಿದಾಗ ಏನಾಗುತ್ತೆ ಅನ್ನೋದನ್ನೂ ಸೇರಿಸಿಕೊಂಡ್ರು. ಅದಕ್ಕೇ ಒಂದೇ ಕಾರಿಗೆ ಅವರ ನಂಬರ್ ಸಾಮಾನ್ಯವಾಗಿ ಕಮ್ಮಿ ಇರುತ್ತೆ, ನಿಜಕ್ಕೆ ಹತ್ತಿರ ಇರುತ್ತೆ. ಕಾರು ತಗೊಳ್ಳೋರು ಆ ನಂಬರ್ ಹುಡುಕಿ ನೋಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಶೋರೂಮ್‌ನವರು ಅದನ್ನ ತಾವಾಗೇ ಹೇಳಲ್ಲ ಬಿಡಿ.

ನಿಮ್ಮ ಗಾಡಿ ತೂಕ ಸುಮಾರು 1,700 ಕೆಜಿ. ಪ್ರತಿ ಸಿಗ್ನಲ್ಲಿಂದ ಅಷ್ಟನ್ನೂ ಎಬ್ಬಿಸಿ ಓಡಿಸಬೇಕು, ಮುಂದಿನ ಸಿಗ್ನಲ್ಲಲ್ಲಿ ಬ್ರೇಕ್ ಒತ್ತಿದ್ರೆ ಆ ಶಕ್ತಿ ಬಹುಪಾಲು ಬಿಸಿಯಾಗಿ ಹೋಯ್ತು. ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರೋ ಹೈಬ್ರಿಡ್ ಗೆಲ್ಲೋದು ಇಲ್ಲೇ. ಲೆಕ್ಸಸ್ ಇಎಸ್ 300ಎಚ್ ತಗೊಳ್ಳಿ, ಇಪಿಎ ಲೆಕ್ಕದಲ್ಲೇ ಸಿಟಿಗೂ ಹೈವೇಗೂ ಎರಡಕ್ಕೂ ಲೀಟರಿಗೆ 18ರ ಮೇಲೆ. ಬ್ರೇಕ್ ಹಾಕಿದಾಗಿನ ಶಕ್ತಿ ಬ್ಯಾಟರಿಗೆ ಹೋಗುತ್ತೆ, ಟ್ರಾಫಿಕ್‌ನಲ್ಲಿ ಇಂಜಿನ್ ಸುಮ್ಮನಿರುತ್ತೆ. ನಿಮ್ಮದು ಮೈಲ್ಡ್ ಹೈಬ್ರಿಡ್, ಅದರ ಚಿಕ್ಕ ಮೋಟಾರು ಇಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತೆ ಅಷ್ಟೇ, ಹೆಸರಲ್ಲಿ ಹೈಬ್ರಿಡ್ ಇದೆ ಅಂತ ಅಷ್ಟೊಂದು ನಿರೀಕ್ಷೆ ಮಾಡಬೇಡಿ.

ಹೈವೇ ಕಥೆಯೇ ಬೇರೆ. ಅಲ್ಲಿ ಶತ್ರು ಗಾಳಿ. 80ರಿಂದ 120ಕ್ಕೆ ಹೋದ್ರೆ ಸ್ಪೀಡ್ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಸೆಡಾನ್ ತಗೊಂಡಿದ್ದು ಇಲ್ಲಿ ನಿಮಗೆ ಲಾಭ. ಬಿಎಂಡಬ್ಲ್ಯೂ 5 ಸೀರೀಸ್‌ದು ಗಾಳಿ ಸೀಳೋ ಲೆಕ್ಕ (ಕಮ್ಮಿ ಇದ್ದಷ್ಟೂ ಒಳ್ಳೇದು) 0.23, ಮರ್ಸಿಡಿಸ್ ಎಸ್ ಕ್ಲಾಸ್‌ದು 0.22ರಿಂದ ಶುರು, ಎತ್ತರದ ಎಸ್‌ಯುವಿಗಳಿಗೆ ಅದು ಕಷ್ಟ. ನೀವು 90, 100ರಲ್ಲಿ ಸಮಾಧಾನವಾಗಿ ಹೋಗಿ ನೋಡಿ, ಅದೇ ಗಾಡಿ ಬ್ರೋಷರ್ ನಂಬರ್ ಹತ್ತಿರ ಬಂದ್ರೂ ಬರುತ್ತೆ.

ಆದ್ರೆ ಒಂದು, ಸಿಟಿ 8, ಹೈವೇ 16, ಹಾಗಾದ್ರೆ ಆವರೇಜ್ 12 ಅಂತ ಲೆಕ್ಕ ಹಾಕಬೇಡಿ. ಎರಡೂ ಕಡೆ ನೂರು ನೂರು ಕಿಲೋಮೀಟರ್ ಓಡಿಸಿದ್ರೆ 12.5 ಲೀಟರ್, ಆಮೇಲೆ 6.25 ಲೀಟರ್, ಕೂಡಿಸಿ ಬಂದ 18.75 ಲೀಟರಿಂದ ಒಟ್ಟು ಇನ್ನೂರು ಕಿಲೋಮೀಟರ್ ಭಾಗಿಸಿದ್ರೆ ಬರೋದು 10.7 ಅಷ್ಟೇ. ಹಾಗೆ ನೋಡಿದ್ರೆ 8 ಇದ್ದಿದ್ದು 10 ಆದ್ರೆ ನೂರಕ್ಕೆ ಎರಡೂವರೆ ಲೀಟರ್ ಉಳೀತು, 16 ಇದ್ದಿದ್ದು 18 ಆದ್ರೆ ಮುಕ್ಕಾಲು ಲೀಟರೂ ಉಳಿಯಲ್ಲ. ಅದಕ್ಕೇ ನಿಮ್ಮ ತಲೆನೋವು ಸಿಟಿ ಓಡಾಟದ ಮೇಲಿರಲಿ. ಎರಡು ಕಿಲೋಮೀಟರ್ ದೂರಕ್ಕೆಲ್ಲ ಗಾಡಿ ತೆಗೀಬೇಡಿ, ಇಂಜಿನ್ ಬಿಸಿಯಾಗೋ ಮುಂಚೆನೇ ಆಫ್ ಆದ್ರೆ ಮೈಲೇಜ್ ತೀರಾ ಕೆಡುತ್ತೆ.

ಭಾವ ಪ್ರೀಮಿಯಂ ಪೆಟ್ರೋಲ್ ಹಾಕ್ಸಿ ಅಂದ್ರಲ್ಲ. ಭಾವ, ಬೇಜಾರ್ ಮಾಡ್ಕೋಬೇಡಿ, ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತಲ್ಲ, ಇಂಜಿನ್ ನಾಕ್ ಆಗದಂಗೆ, ಅಂದ್ರೆ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಟಕಟಕ ಅನ್ನದಂಗೆ ತಡೆಯುತ್ತೆ ಅಷ್ಟೇ. ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ ಬೇಕು ಅಂತ ಬರ್ದಿರುತ್ತೆ. 95 ಅಂತಿದ್ರೆ 95 ಹಾಕಿಸಲೇಬೇಕು, ಕಮ್ಮಿ ಹಾಕಿದ್ರೆ ಮೈಲೇಜೂ ಬೀಳುತ್ತೆ. ಅದಕ್ಕಿಂತ ಮೇಲಿಂದು ದಂಡ.

ಡ್ಯಾಶ್‌ಬೋರ್ಡ್ ನಂಬರ್ ಸಾಮಾನ್ಯವಾಗಿ ಇದ್ದಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ತೋರಿಸುತ್ತೆ. ಹಾಗಾಗಿ ಫುಲ್ ಟ್ಯಾಂಕ್ ಮಾಡಿಸಿ, ಮೊದಲ ಸಲ ಪಂಪ್ ತಾನಾಗೇ ನಿಂತಾಗ ಸಾಕು ಅನ್ನಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮತ್ತೆ ಅದೇ ಪಂಪಲ್ಲೇ ಫುಲ್ ಮಾಡಿಸಿ ಲೆಕ್ಕ ಹಾಕಿ, ಎರಡು ಮೂರು ಟ್ಯಾಂಕ್ ಆಗಲಿ. ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ, ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇರುತ್ತೆ. ಆಮೇಲೆ ಫೋಟೋ ಹಾಕುವಾಗ ಆವರೇಜ್ ಸ್ಪೀಡೂ ಕಾಣೋ ಹಂಗೆ ಹಾಕಿ. ಆವರೇಜ್ 40ರ ಮೇಲಿದ್ದೂ ಮೈಲೇಜ್ 9 ಬಂದ್ರೆ ಆಗ ಸರ್ವಿಸ್‌ನವರ ಹತ್ರ ಹೋಗಿ, ನಾನೂ ಬರ್ತೀನಿ.

ಚಿಕ್ಕಮ್ಮ, ನೀವು ಎಸಿ ಆಫ್ ಮಾಡಿ ಕೂರಬೇಕಾ ಅಂತ ಕೇಳಿದ್ರಿ. ಬೇಡ ಬೇಡ, ಹಾಕ್ಕೊಳ್ಳಿ. ಬಿಸಿಲಲ್ಲಿ ನಿಂತಿದ್ದ ಗಾಡಿ ಆದ್ರೆ ಮೊದಲು ಎರಡು ನಿಮಿಷ ಕಿಟಕಿ ಇಳಿಸಿ ಬಿಸಿ ಗಾಳಿ ಆಚೆ ಹೋಗೋಕೆ ಬಿಡಿ, ಆಮೇಲೆ ಮುಚ್ಚಿ ಎಸಿ ಹಾಕಿ.