ಸಾಲದ ಬಾಕಿಗೆ ಸಂಬಳ ಹಿಡಿಸ್ತೀವಿ ಅಂತಿದ್ದಾರೆ, ಅನುಭವ ಇರೋರು ದಯವಿಟ್ಟು ಹೇಳಿ

ಪ್ರಶ್ನೆ ಕೇಳಿದವರು:
ಕೆಲಸ ಹೋದ ಮೇಲೆ ಪರ್ಸನಲ್ ಲೋನಿನ ಕಂತು, ಕ್ರೆಡಿಟ್ ಕಾರ್ಡಿನ ಬಾಕಿ ಎರಡೂ ನಿಂತುಹೋದವು. ಈಗ ಮತ್ತೆ ಕೆಲಸ ಸಿಕ್ಕಿದೆ. ಒಟ್ಟು ಸಂಬಳ 31,000 ರೂಪಾಯಿ. ವಸೂಲಿಯವರ ಫೋನಿಗೆ ಹೊತ್ತುಗೊತ್ತಿಲ್ಲ. ಈಗ ಹೊಸ ರಾಗ ಶುರು ಮಾಡಿದ್ದಾರೆ: ‘ನಿಮ್ಮ ಎಚ್‌ಆರ್‌ಗೆ ಲೆಟರ್ ಹಾಕಿ ಪೂರ್ತಿ ಸಂಬಳ ಹಿಡಿಸ್ತೀವಿ.’ ನಮ್ಮ ಭಾವನಿಗೂ ಫೋನ್ ಹೋಗಿದೆ. ನಿನ್ನೆ ಒಂದು ರಿಜಿಸ್ಟರ್ಡ್ ಪೋಸ್ಟ್ ಬಂತು, ಒಡೆಯೋಕೆ ಧೈರ್ಯ ಬಂದಿಲ್ಲ. ನಿಜಕ್ಕೂ ಸಂಬಳ ಹಿಡಿಯಬಹುದಾ? ಹಿಡಿದರೆ ಎಷ್ಟು? ಸಾಲ ಮುಳುಗಿಸುವ ಮನಸ್ಸಿಲ್ಲ. ಒಂದೇ ಸಲಕ್ಕೆ ಆಗಲ್ಲ, ಅಷ್ಟೇ.

ಸಂಬಳ ವಿಭಾಗದಲ್ಲಿ ಕೆಲಸ ಮಾಡುವವರು:
ನಾನು ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಇಂಥ ಕಾಗದ ಬರೋದು ನನ್ನ ಟೇಬಲ್ಲಿಗೇ. ಬ್ಯಾಂಕಿನ ಪತ್ರ, ವಕೀಲರ ಪತ್ರ, ವಸೂಲಿ ಏಜೆನ್ಸಿಯ ದಪ್ಪ ಅಕ್ಷರದ ಪತ್ರ, ಇವು ಯಾವುದಕ್ಕೂ ನಾವು ಒಂದು ರೂಪಾಯಿ ಹಿಡಿಯುವುದಿಲ್ಲ. ಕೋರ್ಟಿನ ಆದೇಶವೇ ಬರಬೇಕು. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೇಲೆ ನ್ಯಾಯಾಲಯದ ಹೆಸರು, ಅಮಲ್ಜಾರಿ (ಅಂದರೆ ತೀರ್ಪು ಜಾರಿ ಮಾಡಿಸುವ) ಅರ್ಜಿಯ ನಂಬರು ಮತ್ತು ವರ್ಷ, ಡಿಕ್ರಿ (ಬಾಕಿ ಕಟ್ಟಬೇಕು ಅನ್ನುವ ಕೋರ್ಟಿನ ತೀರ್ಮಾನ) ಪಡೆದವರು ಯಾರು, ಬಾಕಿದಾರ ಯಾರು, ಎಷ್ಟು ಬಾಕಿ, ಕೆಳಗೆ ಸಹಿ, ಮೊಹರು. ಅಷ್ಟು ಹೊತ್ತಿಗೆ ದಾವೆ ಹಾಕಿ, ತೀರ್ಪು ಬಂದು, ಡಿಕ್ರಿ ಆಗಿ, ಅದನ್ನು ಜಾರಿ ಮಾಡಿ ಅಂತ ಮತ್ತೊಂದು ಅರ್ಜಿಯೂ ಬಿದ್ದಿರುತ್ತದೆ. ಫೋನಿನಲ್ಲಿ ಹೇಳಿದಷ್ಟು ಸಲೀಸಲ್ಲ.

ಸಹಕಾರ ಸಂಘದ ಸಾಲ ಮಾತ್ರ ಬೇರೆ. ಸಂಬಳದಲ್ಲೇ ಹಿಡಿದುಕೊಳ್ಳಿ ಅಂತ ಸಾಲ ತಗೊಳ್ಳುವಾಗಲೇ ಒಪ್ಪಿಗೆ ಬರೆದುಕೊಟ್ಟಿರುತ್ತೀರಿ. ಅದಕ್ಕೆ ಡಿಕ್ರಿ ಬೇಕಾಗಿಲ್ಲ. ನಿಮ್ಮದು ಹಾಗಲ್ಲ ಅನ್ನಿಸುತ್ತದೆ.

ಎಷ್ಟು ಹಿಡಿಯಬಹುದು ಅನ್ನೋದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ನಿನಲ್ಲಿದೆ. ಮೊದಲ ಸಾವಿರ ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ನಿಮ್ಮ 31,000ದಲ್ಲಿ ಸಾವಿರ ತೆಗೆದರೆ 30,000. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 10,000. ಜಾಸ್ತಿ ಅಂದರೆ ತಿಂಗಳಿಗೆ ಇಷ್ಟು. ಆದರೆ ಲೆಕ್ಕ ಹಾಕೋದು ಒಟ್ಟು ಸಂಬಳದ ಮೇಲೆ, ಕೈಗೆ ಬರುವ ಸಂಬಳದ ಮೇಲಲ್ಲ. ಬೇರೆ ಸಾಲದ ಕಂತು ಕಟ್ಟಾಗಿ ಕೈಗೆ ಕಮ್ಮಿ ಬರ್ತಿದೆ ಅಂದರೆ ಈ ಲೆಕ್ಕ ಕೇಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. (ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಕಟ್ಟುನಿಟ್ಟು ಜಾಸ್ತಿ. ಅಲ್ಲಿ ನಿಮಗೆ ಉಳಿಯೋದೇ ಮೂರನೇ ಒಂದು ಭಾಗ.)

ಸಾಲ ಕೊಟ್ಟ ಇಬ್ಬರು ಎರಡು ಆದೇಶ ತಂದರೆ ಎರಡು ಸಲ ಹಿಡಿಯುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಹಿಡಿಯಬಹುದಾದ ಭಾಗ ಆಗಲೇ ಒಂದು ಕೋರ್ಟಿಗೆ ಹೋಗುತ್ತಿದ್ದರೆ, ಎರಡನೇ ಆದೇಶವನ್ನು ನಾವು ಹಳೇ ಜಪ್ತಿಯ ವಿವರ ಬರೆದು ವಾಪಸ್ ಕಳಿಸಬೇಕು. ಖಾಸಗಿ ಕಂಪನಿಗಳಿಗೆ ಇದು ಅದೇ ಸಂಹಿತೆಯ 21ನೇ ಆರ್ಡರಿನ 48-ಎ ನಿಯಮದಲ್ಲಿದೆ. ಹಾಗೇ, ಕೋರ್ಟ್ ಹೇಳಿದ ಮೇಲೂ ಹಿಡಿಯದೆ ಬಿಟ್ಟರೆ ಆ ದುಡ್ಡು ಕಂಪನಿಯ ತಲೆಗೇ ಬರುತ್ತದೆ. ಅದಕ್ಕೇ ಆದೇಶ ಬಂದ ಮೇಲೆ ‘ಈ ತಿಂಗಳು ಒಂದು ಬಿಟ್ಟುಬಿಡಿ ಸಾರ್’ ಅಂತ ನಮ್ಮನ್ನು ಕೇಳಿ ಉಪಯೋಗವಿಲ್ಲ. ಕೇಳಬೇಕಾದ್ದು ಕೋರ್ಟನ್ನು.

ಆ ಕವರು ಮೊದಲು ಒಡೆದು ನೋಡಿ.

ಪ್ರಶ್ನೆ ಕೇಳಿದವರು:
ಒಡೆದೆ. ವಕೀಲರ ನೋಟಿಸು. ಏಳು ದಿನದಲ್ಲಿ ಪೂರ್ತಿ ಬಾಕಿ ಕಟ್ಟಿ, ಇಲ್ಲದಿದ್ದರೆ ಮಧ್ಯಸ್ಥಿಕೆಗೆ ಹೋಗುತ್ತೇವೆ ಅಂತಿದೆ. ಮಧ್ಯಸ್ಥಗಾರರ ಹೆಸರನ್ನೂ ಅವರೇ ಬರೆದಿದ್ದಾರೆ. ಇದಕ್ಕೆ ಉತ್ತರ ಕೊಡಬೇಕಾ? ಅರೆಸ್ಟ್ ಮಾಡಿಸ್ತೀವಿ ಅಂತಲೂ ಫೋನಿನಲ್ಲಿ ಹೇಳಿದ್ದರು.

ವಕೀಲಿ ಮಾಡುವವರು:
ಉತ್ತರ ಕೊಡಲೇಬೇಕು. ಆ ಏಳು ದಿನದ ಗಡುವು ಅವರೇ ಹಾಕಿಕೊಂಡದ್ದು. ಅದು ದಾಟಿತು ಅಂತ ಎಂಟನೇ ದಿನ ಸಂಬಳ ನಿಲ್ಲುವುದಿಲ್ಲ. ಆದರೆ ಮಧ್ಯಸ್ಥಿಕೆಯನ್ನು ಹಗುರವಾಗಿ ತಗೋಬೇಡಿ. ಮಧ್ಯಸ್ಥಗಾರರು ಕೊಡುವ ಐತೀರ್ಪನ್ನು ಕೋರ್ಟಿನ ಡಿಕ್ರಿಯ ಹಾಗೇ ಜಾರಿ ಮಾಡಬಹುದು. ಸಂಬಳ ಜಪ್ತಿಗೆ ಅಷ್ಟು ಸಾಕು. ನೀವು ಹೋಗದಿದ್ದರೆ ಒಂದೇ ಕಡೆಯವರ ಮಾತು ಕೇಳಿ ತೀರ್ಪಾಗುತ್ತದೆ. ಅದನ್ನು ರದ್ದು ಮಾಡಿಸೋಕೆ ಐತೀರ್ಪು ಕೈಸೇರಿದ ಮೇಲೆ ಮೂರು ತಿಂಗಳು ಸಮಯ, ಸರಿಯಾದ ಕಾರಣ ತೋರಿಸಿದರೆ ಇನ್ನೊಂದು 30 ದಿನ, ಅಷ್ಟೇ. ವ್ಯವಹಾರದಲ್ಲಿ ಹಿತಾಸಕ್ತಿ ಇರುವವರು ತಾವೇ ಏಕಪಕ್ಷೀಯವಾಗಿ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗಾಗಿ ಉತ್ತರದಲ್ಲಿ ಮೂರು ವಿಷಯ ಬರೆಯಿರಿ: ಈ ನೇಮಕಕ್ಕೆ ನನ್ನ ಒಪ್ಪಿಗೆಯಿಲ್ಲ, ಅಸಲು ಬಡ್ಡಿ ದಂಡ ಬಿಡಿಸಿ ಲೆಕ್ಕದ ಸ್ಟೇಟ್‌ಮೆಂಟ್ ಕೊಡಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಕೋರ್ಟಿನಿಂದ ಸಮನ್ಸ್ ಬಂದರೆ ‘ನಾನಿಲ್ಲ ಅನ್ನು’ ಅಂತ ಮನೆಯವರಿಗೆ ಹೇಳಿಕೊಡಬೇಡಿ. ಬೇಡ ಅಂದರೂ ತಲುಪಿದ ಹಾಗೇ ಲೆಕ್ಕ. ಅಮೀನರು ಬಾಗಿಲಿಗೆ ಅಂಟಿಸಿ ಹೋಗಬಹುದು. ಮಾಮೂಲಿ ಹಣದ ದಾವೆಗೆ ಲಿಖಿತ ಉತ್ತರ ಕೊಡೋಕೆ 30 ದಿನ ಇರುತ್ತದೆ, ಕಾರಣ ಕೊಟ್ಟರೆ ಕೋರ್ಟು 90ರ ತನಕ ಬಿಡಬಹುದು. 37ನೇ ಆರ್ಡರಿನ ಸಂಕ್ಷಿಪ್ತ ದಾವೆಯಾದರೆ ಹಾಜರಾಗೋಕೇ 10 ದಿನ. ನೀವು ಹಾಜರಾಗದೆ ಎಕ್ಸ್‌ಪಾರ್ಟಿ ಡಿಕ್ರಿ ಆಗಿಹೋಗಿದ್ದರೆ ರದ್ದು ಮಾಡಿ ಅಂತ ಅರ್ಜಿ ಹಾಕೋಕೆ ಡಿಕ್ರಿಯಾದ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ತಲುಪಿಯೇ ಇರಲಿಲ್ಲ ಅಂದರೆ ಗೊತ್ತಾದ ದಿನದಿಂದ 30. ನಾನು ನೋಡಿದ ಮಟ್ಟಿಗೆ ಸಂಬಳ ಜಪ್ತಿಯಾದವರಲ್ಲಿ ಬಹಳ ಮಂದಿ ಕೇಸು ಸೋತವರಲ್ಲ, ಕೇಸಿಗೇ ಹೋಗದವರು.

ಅರೆಸ್ಟಿನ ವಿಷಯ. ಸಾಲ ಬಾಕಿ ಇದೆ ಅಂತ ಪೊಲೀಸರು ಬಂದು ಎಳೆದುಕೊಂಡು ಹೋಗುವುದಿಲ್ಲ. ಡಿಕ್ರಿ ಆದ ಮೇಲೂ, ಕಟ್ಟುವ ತಾಕತ್ತಿದ್ದು ಬೇಕಂತಲೇ ಕಟ್ಟದವರನ್ನು ಮಾತ್ರ ಸಿವಿಲ್ ಜೈಲಿಗೆ ಕಳಿಸಬಹುದು. ಬಡತನದಿಂದ ಕಟ್ಟಲಾಗದವರನ್ನಲ್ಲ. ಇದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಹಣದ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. ಆದರೆ ಚೆಕ್ ಕೊಟ್ಟು ಬೌನ್ಸ್ ಆಗಿದ್ದರೆ ಕಥೆ ಬೇರೆ. ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್, ಕ್ರಿಮಿನಲ್. ಎರಡು ವರ್ಷದ ತನಕ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರ ತನಕ ದಂಡ, ಅಥವಾ ಎರಡೂ. ನೋಟಿಸು ಕೈಗೆ ಬಂದ 15 ದಿನದೊಳಗೆ ಆ ಮೊತ್ತ ಕಟ್ಟಿದರೆ ಕೇಸು ಹುಟ್ಟುವುದಿಲ್ಲ. ಕೋರ್ಟು ಕರೆದಾಗ ಹೋಗದಿದ್ದರೆ ವಾರಂಟ್ ಬರುತ್ತದೆ. ಪೊಲೀಸರು ಮನೆಗೆ ಬರೋದು ಸಾಮಾನ್ಯವಾಗಿ ಆ ದಾರಿಯಲ್ಲಿ.

ಜಾಮೀನು ಹಾಕಿದವರು:
ನಾನು ಸರ್ಕಾರಿ ನೌಕರ. ನನ್ನ ಸ್ವಂತ ಸಾಲ ಅಲ್ಲ, ಸಹೋದ್ಯೋಗಿಗೆ ಜಾಮೀನು ಹಾಕಿದ್ದೆ. ಅವರು ಕಟ್ಟಲಿಲ್ಲ, ಜಪ್ತಿ ಬಂದದ್ದು ನನ್ನ ಸಂಬಳಕ್ಕೆ. ‘ಮೊದಲು ಅವರ ಹತ್ತಿರ ವಸೂಲಿ ಮಾಡಿ’ ಅಂತ ಹೇಳಿ ನೋಡಿದೆ. ಕಾನೂನು ಹಾಗಿಲ್ಲವಂತೆ. ಸಾಲ ತಗೊಂಡವರದ್ದು ಎಷ್ಟು ಹೊಣೆಯೋ ಜಾಮೀನುದಾರನದ್ದೂ ಅಷ್ಟೇ. ಸಾಲ ಕೊಟ್ಟವರು ಯಾರನ್ನು ಬೇಕಾದರೂ ಹಿಡಿಯಬಹುದು. ಯಾರ ಸಂಬಳ ಸುಲಭಕ್ಕೆ ಸಿಗುತ್ತೋ ಅವರನ್ನೇ ಹಿಡಿಯುತ್ತಾರೆ, ಮತ್ತೇನು.

ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದಾಯಿತು ಅಂದರೆ ಆ ಡಿಕ್ರಿಗೆ ಇನ್ನು ಸಂಬಳ ಹಿಡಿಯುವಂತಿಲ್ಲ. ಬೇರೆ ಡಿಕ್ರಿ ಇದ್ದರೂ ನಡುವೆ 12 ತಿಂಗಳು ಬಿಡಬೇಕು. ನನ್ನ ವಿಷಯದಲ್ಲಿ ಇದನ್ನು ಯಾರೂ ತಾವಾಗಿ ಹೇಳಲಿಲ್ಲ. ಸಂಬಳ ಕೊಡುವ ಬಟವಾಡೆ ಅಧಿಕಾರಿಯ ಹತ್ತಿರ ಹಿಡಿತದ ಪಟ್ಟಿ ಬರೆಸಿಕೊಂಡು, ವಕೀಲರ ಮೂಲಕ ಕೋರ್ಟಿಗೆ ಮೆಮೊ ಹಾಕಿದ ಮೇಲೆ ನಿಂತಿತು. ಪ್ರತಿ ತಿಂಗಳ ಸಂಬಳದ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಸಂಬಳ ಹಿಡಿಯೋದು ನಿಂತ ಮಾತ್ರಕ್ಕೆ ಸಾಲ ಮಾಫಿ ಆಗಲ್ಲ, ಅದೂ ಗೊತ್ತಿರಲಿ. ಸೈಟು, ಬ್ಯಾಂಕಿನ ಹಣ ಇದ್ದರೆ ಅದರ ಮೇಲೆ ಬರಬಹುದು. ಡಿಕ್ರಿಗೆ 12 ವರ್ಷ ಜೀವ ಇರುತ್ತದೆ.

ಪಿಎಫ್, ಗ್ರಾಚ್ಯುಟಿ, ಪಿಂಚಣಿಗೆ ಕೈ ಹಾಕುವಂತಿಲ್ಲ. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ, ಪಿಂಚಣಿ ಹಣವನ್ನು ಎಫ್‌ಡಿ ಮಾಡಿಟ್ಟರೂ ಆ ರಕ್ಷಣೆ ಹೋಗುವುದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಒಬ್ಬ ಜಾಮೀನುದಾರರ ಕೇಸೇ. ಇನ್ನು, ನಾವು ಕಟ್ಟಿದ್ದನ್ನು ಸಾಲ ತಗೊಂಡವರಿಂದ ವಸೂಲಿ ಮಾಡುವ ಹಕ್ಕು ನಮಗಿದೆ. ಹಕ್ಕಿದೆ, ಹಣ ಇನ್ನೂ ಬಂದಿಲ್ಲ.

ವಸೂಲಿ ಫೋನುಗಳನ್ನು ನಿಲ್ಲಿಸಿದವರು:
ನಾನು ಫೋನಿನ ಬಗ್ಗೆ ಮಾತ್ರ ಹೇಳುತ್ತೇನೆ. ಭಾವನಿಗೆ ಫೋನ್ ಮಾಡಿದರಲ್ಲ, ಅದೇ ನಿಮ್ಮ ದೂರಿಗೆ ಆಧಾರ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ, ಮನೆಯವರಿಗೆ, ಸ್ನೇಹಿತರಿಗೆ ಕಿರುಕುಳ ಕೊಡುವಂತಿಲ್ಲ. ಏಜೆಂಟ್ ಮಾಡಿದ್ದಕ್ಕೂ ಬ್ಯಾಂಕೇ ಹೊಣೆ.

ನಾನು ಏಜೆಂಟರ ಜೊತೆ ಜಗಳಕ್ಕೆ ಹೋಗಲಿಲ್ಲ. ಫೋನ್ ಬಂದಾಗಲೆಲ್ಲ ಒಂದೇ ಮಾತು: ‘ನಿಮ್ಮ ಹೆಸರು, ಏಜೆನ್ಸಿ, ಗುರುತಿನ ಚೀಟಿ ನಂಬರ್ ಹೇಳಿ, ಬರ್ಕೊಳ್ತೀನಿ.’ ಅರ್ಧ ಜನ ಅಲ್ಲೇ ಕಟ್ ಮಾಡುತ್ತಿದ್ದರು. ಉಳಿದವರ ನಂಬರು, ಸಮಯ, ಏನಂದರು ಅನ್ನೋದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಫೋಟೋ ತೆಗೆದು, ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಹಾಕಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವವರು) ಹೋಗಬಹುದು. ಆನ್‌ಲೈನಿನಲ್ಲೇ ಆಗುತ್ತದೆ, ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನನ್ನದು ಅಲ್ಲಿಗೆ ಹೋಗುವ ಮೊದಲೇ ತಣ್ಣಗಾಯಿತು. ದೂರು ಕೊಟ್ಟರೆ ಸಾಲ ಕಮ್ಮಿ ಆಗಲ್ಲ, ರಾತ್ರಿ ನಿದ್ದೆ ಬರುತ್ತೆ.

ಸೆಟ್ಲ್‌ಮೆಂಟ್ ಮಾಡಿಕೊಂಡವರು:
ಇಷ್ಟೆಲ್ಲ ಓಡಾಟ ಯಾಕೆ? ಸೆಟ್ಲ್‌ಮೆಂಟ್ ಕೇಳಿ, ಮುಗಿಸಿಬಿಡಿ. ನನಗೆ ಬಡ್ಡಿ, ದಂಡ ಪೂರ್ತಿ ಬಿಟ್ಟರು. ಆದರೆ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಕೈಗೆ ಬರುವ ತನಕ ಕಟ್ಟಬೇಡಿ. ಏಜೆಂಟರ ವಾಟ್ಸಾಪ್ ಮೆಸೇಜನ್ನು ನಂಬಬೇಡಿ. ಕಟ್ಟುವುದು ಸಾಲದ ಖಾತೆಗೇ ಇರಲಿ, ಏಜೆಂಟರ ಯುಪಿಐಗೆ ಅಲ್ಲ. ಮುಗಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳಿ.

ಸಂಬಳ ವಿಭಾಗದಲ್ಲಿ ಕೆಲಸ ಮಾಡುವವರು:
ಇದನ್ನು ನಾನು ಪೂರ್ತಿ ಒಪ್ಪಲ್ಲ. ಸೆಟ್ಲ್‌ಮೆಂಟಿಗೆ ಒಟ್ಟಿಗೆ ಹಣ ಬೇಕು. ಅದಕ್ಕೆ ಅಂತ ಆ್ಯಪಿನಲ್ಲಿ ಹೊಸ ಸಾಲ ಮಾಡಿದವರು ನಮ್ಮಲ್ಲೇ ಇದ್ದಾರೆ, ಈಗ ಎರಡು ಕಡೆಯ ಫೋನು. ಮೇಲಾಗಿ ಕ್ರೆಡಿಟ್ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟ್ಲ್ಡ್’ ಅಂತ ಬೀಳುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಅದನ್ನೇ ಮೊದಲು ಕೇಳುತ್ತಾರೆ.

ವಕೀಲಿ ಮಾಡುವವರು:
ಇಬ್ಬರ ಮಾತೂ ಇರಲಿ. ಕೈಯಲ್ಲಿ ಹಣ ಇಲ್ಲದವರಿಗೆ ಲೋಕ ಅದಾಲತ್ ಒಳ್ಳೇ ಜಾಗ. ಕೇಸು ಹಾಕುವ ಮೊದಲೂ ಅಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಕಂತಿಗೆ ಒಪ್ಪಿಸುವುದು ಅಲ್ಲಿ ಸುಲಭ. ಆದರೆ ಸಹಿ ಹಾಕುವ ಮೊದಲು ಕಂತಿನ ಮೊತ್ತ ಎರಡು ಸಲ ಯೋಚಿಸಿ. ಅಲ್ಲಿನ ಒಪ್ಪಂದವೇ ಡಿಕ್ರಿ, ಅದರ ಮೇಲೆ ಅಪೀಲು ಇಲ್ಲ. ಒಪ್ಪಿಕೊಂಡ ಕಂತು ತಪ್ಪಿದರೆ ಹೊಸ ಕೇಸೇ ಬೇಡ, ನೇರ ಅಮಲ್ಜಾರಿ. ವಕೀಲರಿಗೆ ಕೊಡೋಕೆ ಆಗದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಮ್ಮಿ ಇರುವವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ. ಸಂಬಳ ಬೀಳೋದು ಸಾಲ ಕೊಟ್ಟ ಬ್ಯಾಂಕಿನ ಖಾತೆಗೇ. ತೊಂದರೆ ಇದೆಯಾ?

ಸಂಬಳ ವಿಭಾಗದಲ್ಲಿ ಕೆಲಸ ಮಾಡುವವರು:
ಇದೆ. ಮೊದಲೇ ಹೇಳಬಾರದಾ! ಅದೇ ಬ್ಯಾಂಕಿನ ಖಾತೆಯಲ್ಲಿ ಬಿದ್ದ ಹಣವನ್ನು ಅವರು ತಮ್ಮ ಬಾಕಿಗೆ ಹೊಂದಿಸಿಕೊಳ್ಳಬಹುದು. ಅದಕ್ಕೆ ಕೋರ್ಟಿಗೆ ಹೋಗುವುದಿಲ್ಲ. ಆಗ ಆ ಮೂರನೇ ಎರಡು ಭಾಗದ ಲೆಕ್ಕ ಹೇಳಿಕೊಂಡು ನೀವೇ ಅವರ ಹಿಂದೆ ಓಡಾಡಬೇಕು. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್ ಜೊತೆ ಎಚ್‌ಆರ್‌ಗೆ ಅರ್ಜಿ ಕೊಡಿ. ಕಾರಣ ಬರೆಯಬೇಕಾಗಿಲ್ಲ. ಈ ತಿಂಗಳ ಸಂಬಳದ ಪಟ್ಟಿ ಬ್ಯಾಂಕಿಗೆ ಹೋಗುವ ಮೊದಲೇ ಕೊಡಿ, ಆಮೇಲೆ ಕೊಟ್ಟರೆ ಮುಂದಿನ ತಿಂಗಳೇ.

ವಕೀಲಿ ಮಾಡುವವರು:
ಜೊತೆಗೆ ಹಳೇ ಖಾತೆಯ ಆಟೋ ಡೆಬಿಟ್ ಮರೆಯಬೇಡಿ. ಖಾತೆ ಖಾಲಿ ಇದ್ದು ಕಂತು ವಾಪಸ್ ಹೋದರೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಸೆಕ್ಷನ್ ಬರುತ್ತದೆ. ಚೆಕ್ ಬೌನ್ಸಿನಷ್ಟೇ ಶಿಕ್ಷೆ, ಅದೇ 15 ದಿನದ ನೋಟಿಸು. ನೋಟಿಸಿಗೆ ಉತ್ತರ ಬರೆಯುವಾಗ ಆಟೋ ಡೆಬಿಟ್ ನಿಲ್ಲಿಸಿ, ಹೊಸ ಕಂತು ನಾನೇ ಕಟ್ಟುತ್ತೇನೆ ಅನ್ನುವ ಸಾಲನ್ನೂ ಸೇರಿಸಿ.