ಅರಿಶಿಣ ನೀರಲ್ಲಿ ಮಾವಿನ ಸ್ನಾನ

ಗುಂಪು: ಅಜ್ಜಿ ಮನೆ ಬಳಗ
ಭಾನುವಾರ

ಸುಮಾ, 7:12
(ಹಲವು ಬಾರಿ ಫಾರ್ವರ್ಡ್ ಆಗಿದೆ)
⚠️ ಎಚ್ಚರ!! ಹಣ್ಣುಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್! ಮಕ್ಕಳಿಗೆ ಮಾವು, ದ್ರಾಕ್ಷಿ, ಸೇಬು ಕೊಡಲೇಬೇಡಿ. ಕೊಡಲೇಬೇಕು ಅಂದರೆ ಅರಿಶಿಣ ಕದಡಿದ ಉಪ್ಪು ನೀರಿನಲ್ಲಿ ಒಂದು ಗಂಟೆ ನೆನೆಸಿ. ವಿಷವೆಲ್ಲ ತಳಕ್ಕೆ ಇಳಿಯುತ್ತದೆ. ಎಲ್ಲರಿಗೂ ತಿಳಿಸಿ 🙏

ಸುಮಾ, 7:13
ನಿನ್ನೆ ನಾನೂ ಮಾಡಿ ನೋಡಿದೆ. ನಿಜವಾಗಿಯೂ ತಳದಲ್ಲಿ ಹಳದಿ ಗಸಿ ನಿಂತಿತ್ತು!

ಅನಿಲ್, 7:20
ಅಕ್ಕಾ, ಅದು ಅರಿಶಿಣ.

ವೆಂಕಟೇಶ್, 7:31
ಸುಮಾ, ಗುರುವಾರ ನಾನು ಕಳಿಸಿದ ಬಾದಾಮಿ ಮಾವಿನ ಬುಟ್ಟಿಯನ್ನೇ ನೆನೆಸಿದೆಯಾ? ಭತ್ತದ ಹುಲ್ಲಲ್ಲಿ ಅಡೆ ಹಾಕಿದ ಹಣ್ಣು ಅದು. ಕಾಯನ್ನು ಬೇಗ ಹಣ್ಣು ಮಾಡುವ ಕಾರ್ಬೈಡ್ ಪುಡಿ ಒಂದು ಚೂರೂ ಮುಟ್ಟಿಸಿಲ್ಲ.

ಸುಮಾ, 7:34
ಕೋಪ ಮಾಡಿಕೊಳ್ಳಬೇಡ ಅಣ್ಣ. ನಿನ್ನ ಮೇಲೆ ಅನುಮಾನ ಅಲ್ಲ. ಈಗ ಕೋಲಾರದ ಕೆರೆಗಳಿಗೆಲ್ಲ ಚರಂಡಿ ನೀರು ಅಲ್ವಾ, ಅದಕ್ಕೆ.

ವೆಂಕಟೇಶ್, 7:41
ಇದು ಚೆನ್ನಾಗಿದೆ! ಆ ಚರಂಡಿ ಯಾರದು? ನಿಮ್ಮ ಬೆಂಗಳೂರಿನ ಬಚ್ಚಲದ್ದೇ. ಅದನ್ನು ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆಯೇ ಕೆ.ಸಿ. ವ್ಯಾಲಿ. 2018ರಲ್ಲಿ ಆ ನೀರು ಇಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದಿತ್ತು, ಕೋರ್ಟಿಗೂ ಹೋಯಿತು. ಎರಡು ಹಂತ ಶುದ್ಧಿ ಮಾಡಿ ಬಿಡುತ್ತಾರೆ. ಮೂರನೇ ಹಂತವನ್ನೂ ಮಾಡಿ ಅಂತ ಇಲ್ಲಿಯವರು ಗಂಟಲು ಹರಿದುಕೊಂಡರು. ನೀವು ಕೊಳಕು ನೀರು ಕಳಿಸಿ, ಆಮೇಲೆ ನಮ್ಮ ಹಣ್ಣಿಗೆ ಅರಿಶಿಣದ ಸ್ನಾನ ಮಾಡಿಸುತ್ತೀರಿ.

ಅನಿಲ್, 7:42
🍿

ನಂದೀಶ, 8:05
ದೊಡ್ಡಪ್ಪ, ಅತ್ತೆಯ ಭಯ ಪೂರ್ತಿ ಸುಳ್ಳಲ್ಲ. ತೋರಿಸಿದ ಜಾಗ ಮಾತ್ರ ತಪ್ಪು. ಮಣ್ಣಲ್ಲಿ ಸೀಸ ಇದ್ದರೆ ಜಾಸ್ತಿ ಪಾಲು ಬೇರಿನಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂ ಸ್ವಲ್ಪ ಚುರುಕು, ಎಲೆಗೆ ಹತ್ತುತ್ತದೆ. ಮರದ ಹಣ್ಣಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ ಬರುತ್ತದೆ. ಹಾಗಾಗಿ ಮೊದಲು ಹೆದರಬೇಕಾದದ್ದು ಕೊಳಚೆ ನೀರಲ್ಲಿ ಬೆಳೆದ ಸೊಪ್ಪಿಗೆ, ಗೆಡ್ಡೆಗೆ.
ತೊಳೆಯುವುದು ಒಳ್ಳೆಯದೇ. ಸಿಪ್ಪೆ ಮೇಲೆ ಕೂತ ರಸ್ತೆಯ ದೂಳು, ಅದರಲ್ಲಿರುವ ಸೀಸ ಬಹುಪಾಲು ಬರೀ ನಲ್ಲಿ ನೀರಿಗೇ ಹೋಗುತ್ತದೆ. ಒಳಗೆ ಸೇರಿದ್ದು ಮಾತ್ರ ಉಪ್ಪಿಗೂ ಹೋಗಲ್ಲ, ಅರಿಶಿಣಕ್ಕೂ ಹೋಗಲ್ಲ.

ಸುಮಾ, 8:09
ಹಾಗಾದರೆ ಪೇಪರಲ್ಲಿ ಬಂದಿತ್ತಲ್ಲ, ಬೆಂಗಳೂರಿನ ತರಕಾರಿಯಲ್ಲಿ ಸೀಸ ಅಂತ? ಅದೂ ಸುಳ್ಳಾ?

ನಂದೀಶ, 8:15
ಅದು ನಿಜ ಅತ್ತೆ. ನಮ್ಮ ರಾಜ್ಯದ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಮಾಡಿದ ಅಧ್ಯಯನ, 2023ರಲ್ಲಿ ಸುದ್ದಿಯಾಯಿತು. 10 ಬಗೆಯ ತರಕಾರಿ, 400 ಸ್ಯಾಂಪಲ್. ದೊಡ್ಡ ಮಳಿಗೆ, ಸಾವಯವ ಅಂಗಡಿಯ ಸರಕೂ ಅದರಲ್ಲಿತ್ತು. ಮಿತಿ ಮೀರಿದ ಸೀಸ ಸಿಕ್ಕಿತು, ಹಸಿರು ನ್ಯಾಯಮಂಡಳಿ ತಾನಾಗಿಯೇ ಕೇಸು ಎತ್ತಿಕೊಂಡಿತು. ನೋಡಿ, ಅದು ತರಕಾರಿ. ಫಾರ್ವರ್ಡ್ ಬರೆದವರು ಅದನ್ನೇ ಹಣ್ಣಿಗೆ ತಿರುಗಿಸಿದ್ದಾರೆ ಅನ್ನಿಸುತ್ತದೆ.

ರಶ್ಮಿ, 8:22
ಇಲ್ಲಿ ಈಗ ರಾತ್ರಿ, ಪುಟ್ಟಿ ಮಲಗಿದಳು. ಅತ್ತೆ, ಹಣ್ಣಿನ ಹೆಸರಲ್ಲಿ ಸೀಸ ಮಕ್ಕಳ ಹೊಟ್ಟೆಗೆ ಹೋದ ಕೇಸು ನಮ್ಮ ನಾರ್ತ್ ಕೆರೊಲಿನಾದಲ್ಲೇ ಹೊರಬಿತ್ತು. 2023ರಲ್ಲಿ. ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಏರಿತ್ತು. ಹುಡುಕಿದರೆ ಎಲ್ಲರೂ ತಿಂದದ್ದು ವಾನಾಬಾನಾ ಅನ್ನುವ ಪ್ಯಾಕೆಟ್, ಸೇಬು ಮತ್ತು ದಾಲ್ಚಿನ್ನಿ ಸೇರಿಸಿ ರುಬ್ಬಿದ್ದು. ಆಮೇಲೆ ಲೆಕ್ಕ ದೇಶವಿಡೀ 500 ದಾಟಿತು, ಸಂಶಯದ ಕೇಸುಗಳೂ ಸೇರಿ.
ತಪ್ಪು ಸೇಬಿನದ್ದಲ್ಲ! ಈಕ್ವೆಡಾರಿನಲ್ಲಿ ಪುಡಿ ಮಾಡಿದ ದಾಲ್ಚಿನ್ನಿಯದ್ದು. ಅದರಲ್ಲಿ ಲೆಡ್ ಕ್ರೋಮೇಟ್. ಅದೇ ಕಂಪನಿಯ ದಾಲ್ಚಿನ್ನಿ ಇಲ್ಲದ ಪ್ಯಾಕೆಟ್‌ಗಳಲ್ಲಿ ತೊಂದರೆ ಕಾಣಲಿಲ್ಲ. ನಮ್ಮ ಮನೆಗೆ ಅದು ಬಂದಿರಲಿಲ್ಲ. ಆದರೂ ಪುಟ್ಟಿಯ ರಕ್ತದ ರಿಪೋರ್ಟ್ ಬರುವ ತನಕ ನನಗೆ ನಿದ್ದೆ ಇರಲಿಲ್ಲ.

ನಂದೀಶ, 8:27
ಲೆಡ್ ಕ್ರೋಮೇಟ್ ಅಂದರೆ ಏನು ಗೊತ್ತಾ ಅತ್ತೆ? ಹೊಳೆಯುವ ಹಳದಿ ಬಣ್ಣ. ಬಾಂಗ್ಲಾದೇಶದಲ್ಲಿ ಅದನ್ನು ಅರಿಶಿಣದ ಕೊಂಬಿಗೆ ಬಳಿಯುತ್ತಿದ್ದರು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿಣದ ಸ್ಯಾಂಪಲ್‌ಗಳಲ್ಲಿ 47% ರಲ್ಲಿ ಸಿಕ್ಕಿತು. ಸರ್ಕಾರ ಕೈ ಬಿಗಿ ಮಾಡಿ ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆ.

ಅನಿಲ್, 8:28
ಅಂದರೆ ಅಕ್ಕ ಸೀಸ ಇಲ್ಲದ ಮಾವನ್ನು ಸೀಸ ಇರಬಹುದಾದ ನೀರಿನಲ್ಲಿ ಅದ್ದಿದ್ದಾಳೆ 😂

ಸುಮಾ, 8:30
ನಗಬೇಡ ಅನಿಲ. ನಮ್ಮ ಮನೆಯ ಅರಿಶಿಣ ನಾನೇ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿದ್ದು.

ನಂದೀಶ, 8:33
ಒಳ್ಳೆಯದೇ, ಆದರೆ ಅಲ್ಲಿ ಆ ಬಣ್ಣ ಬಳಿಯುತ್ತಿದ್ದದ್ದೂ ಕೊಂಬಿಗೇ ಅತ್ತೆ. ಅನಿಲ್ ಚಿಕ್ಕಪ್ಪ, ನೀವು ಜಾಸ್ತಿ ನಗಬೇಡಿ. ತಂಬಾಕು ಗಿಡ ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಗೆ ಚೆನ್ನಾಗಿ ಎಳೆದುಕೊಳ್ಳುತ್ತದೆ. ಸಿಗರೇಟು ಸೇದುವವರ ಮೈಗೆ ಅದು ಹೆಚ್ಚಾಗಿ ಅಲ್ಲಿಂದಲೇ ಸೇರುತ್ತದೆ. ಮೂತ್ರಪಿಂಡದಲ್ಲಿ ಕೂತರೆ ಹತ್ತಾರು ವರ್ಷ ಎದ್ದು ಹೋಗಲ್ಲ.

ಅನಿಲ್, 8:34
ವಿಷಯ ಮಾವಿನದ್ದು. ನನ್ನನ್ನು ಯಾಕೆ ಎಳೆಯುತ್ತೀಯ?

ಸುಮಾ, 8:40
ಸರಿ, ಅರಿಶಿಣ ಬಿಡೋಣ. ಮಕ್ಕಳಿಗೆ ಸ್ವಲ್ಪ ದಿನ ಹಣ್ಣು ನಿಲ್ಲಿಸಿದರೆ ನಷ್ಟ ಏನು? ಸುಮ್ನೆ ಯಾಕೆ ರಿಸ್ಕ್?

ರಶ್ಮಿ, 8:46
ಅದೇ ತಪ್ಪು ಅತ್ತೆ. ಡಾಕ್ಟರ್ ನನಗೆ ಹೇಳಿದ್ದು ಉಲ್ಟಾ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ನಾಲ್ಕೈದು ಪಟ್ಟು ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗುವಾದರೆ ಇನ್ನೂ ಜಾಸ್ತಿ. ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಹಣ್ಣಿನ ವಿಟಮಿನ್ ಸಿ ಬೇಕು. ಹಣ್ಣು ಕಿತ್ತುಕೊಂಡು ಬಿಸ್ಕತ್ತು ಕೊಟ್ಟರೆ ಸೀಸಕ್ಕೆ ನಾವೇ ಬಾಗಿಲು ತೆರೆದ ಹಾಗೆ.

ಸುಮಾ, 8:48
ಅಯ್ಯೋ. ಅಪಾರ್ಟ್‌ಮೆಂಟ್ ಗುಂಪಿಗೆ ಆಗಲೇ ಕಳಿಸಿಬಿಟ್ಟೆ. ಭಜನಾ ಮಂಡಳಿಗೂ.

ವೆಂಕಟೇಶ್, 9:02
ಮಂಡಿಯಲ್ಲಿ ಕಾರ್ಬೈಡ್ ಹಾಕುವವರು ಇದ್ದಾರೆ, ಇಲ್ಲ ಅನ್ನಲ್ಲ. ಅದು ನಿಷೇಧ ಅಂತ ಅವರಿಗೂ ಗೊತ್ತು.

ನಂದೀಶ, 9:06
ಹೌದು. ಆ ಕಾರ್ಬೈಡ್‌ನಲ್ಲೇ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. ಹಣ್ಣು ಮಾಡಲು ಎಥಿಲೀನ್ ಗ್ಯಾಸಿಗೆ ಅನುಮತಿ ಇದೆ, 100 ಪಿಪಿಎಂ ವರೆಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು. ಬುಟ್ಟಿಯಲ್ಲಿ ಪುಡಿ ಕಟ್ಟಿದ ಕಾಗದದ ಪೊಟ್ಟಣ ಕಂಡರೆ ಆ ಹಣ್ಣು ತರಲೇಬೇಡಿ.

ವೆಂಕಟೇಶ್, 9:25
ಈಗ ನನ್ನ ಮಣ್ಣಿನ ಆರೋಗ್ಯ ಕಾರ್ಡ್ ತೆಗೆದು ನೋಡಿದೆ. 12 ಅಂಶ ಇವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ರಸಸಾರ, ಇನ್ನೂ ಏನೇನೋ. ಸೀಸ ಇಲ್ಲ. ಕ್ಯಾಡ್ಮಿಯಂ ಇಲ್ಲ. ಐದಾರು ವರ್ಷದಿಂದ ಪಕ್ಕದ ಊರಿನ ಕೆರೆಗೆ ಆ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ನನ್ನ ಬೋರ್‌ವೆಲ್‌ಗೆ ಅದರಿಂದ ಏನು ಇಳಿದಿದೆ ಅಂತ ಒಬ್ಬರೂ ಬಂದು ನೋಡಿಲ್ಲ.

ನಂದೀಶ, 9:27
ಅದೇ ದೊಡ್ಡಪ್ಪ. ಆ ಕಾರ್ಡ್ ಬೆಳೆಗೆ ಏನು ಬೇಕು ಅಂತ ಹೇಳುತ್ತದೆ. ತಿನ್ನುವವರಿಗೆ ಏನು ಬೇಡ ಅಂತ ಹೇಳಲ್ಲ.

ವೆಂಕಟೇಶ್, 9:33
ಮಂಗಳವಾರ ಮಂಡಿಗೆ ಲಾರಿ ಹೋಗುತ್ತದೆ. ಅದರಲ್ಲಿ ಒಂದು ಕೆ.ಜಿ. ಮಣ್ಣು, ಎರಡು ಬಾಟಲಿ ನೀರು, ನಾಲ್ಕು ತೋತಾಪುರಿ ಕೊಟ್ಟು ಕಳಿಸುತ್ತೇನೆ. ಟೆಸ್ಟ್ ಎಲ್ಲಿ ಮಾಡುತ್ತಾರೆ ಅಂತ ನೀನು ಹುಡುಕು ನಂದೀಶ. ದುಡ್ಡು ಸುಮಾ ಕೊಡಲಿ.

ಸುಮಾ, 9:35
ನಾನಾ??

ವೆಂಕಟೇಶ್, 9:35
ಫಾರ್ವರ್ಡ್ ಮಾಡಿದ್ದು ಯಾರು?

ಸುಮಾ, 9:41
ಎಷ್ಟಾಗುತ್ತದೆ ಕೇಳಿ ಹೇಳು ನಂದೀಶ. ರಿಪೋರ್ಟನ್ನೂ ಭಜನಾ ಮಂಡಳಿಗೆ ಹಾಕುತ್ತೇನೆ, ಏನೇ ಬರಲಿ.